ಹಳೆಯ ಜೀಪುಗಳ ಇನ್‌ಟೇಕ್ ಮತ್ತು ಕ್ಯಾಬಿನ್ ಗಾಳಿಯಾಟದ ಮಾರ್ಪಾಡು

ಹಳೆಯ ಜೀಪುಗಳ ಇನ್‌ಟೇಕ್ ಮತ್ತು ಕ್ಯಾಬಿನ್ ಗಾಳಿಯಾಟದ ಮಾರ್ಪಾಡು ಎಂಬುದು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಹಳೆಯ ವಾಹನಗಳಲ್ಲಿ ನಡೆಯುವ ಯಾಂತ್ರಿಕ ಕೆಲಸ. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯನ್ನೂ ಒಳಗೆ ಕೂತವರಿಗೆ ಗಾಳಿ ಬಂದು ಹೋಗುವ ದಾರಿಯನ್ನೂ ನೀರು, ದೂಳು, ಶಾಖ, ಹೊಗೆಗಳಿಂದ ಕಾಪಾಡುವಂತೆ ಬದಲಿಸುವುದು ಇದರ ಉದ್ದೇಶ. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಮಹೀಂದ್ರದ ಸಿಜೆ ಮತ್ತು ಎಂಎಂ ಸರಣಿಯ ಜೀಪುಗಳು, ಮಾರುತಿ ಜಿಪ್ಸಿ ಮತ್ತು ಸೇನೆಯಿಂದ ಹರಾಜಾಗಿ ಬಂದ ಜೋಂಗಾಗಳ ಮೇಲೆ ನಡೆಯುತ್ತದೆ.

ಈ ಲೇಖನದಲ್ಲಿ ‘ಇನ್‌ಟೇಕ್’ ಎಂದರೆ ಹೊರಗಾಳಿ ಒಳಸೇರುವ ಬಾಯಿಯಿಂದ ಎಂಜಿನ್ನಿನ ಮ್ಯಾನಿಫೋಲ್ಡ್‌ವರೆಗಿನ ಪೂರ್ತಿ ದಾರಿ. ‘ಏರ್ ಕ್ಲೀನರ್’ ಎಂದರೆ ಆ ದಾರಿಯಲ್ಲಿ ದೂಳು ಹಿಡಿಯುವ ಡಬ್ಬಿ. ‘ಕ್ಯಾಬಿನ್’ ಎಂದರೆ ಚಾಲಕ ಮತ್ತು ಸವಾರರು ಕೂರುವ ಜಾಗ, ಅದರ ಮೇಲಿನ ಹೊದಿಕೆ ಕ್ಯಾನ್ವಾಸಿನದಾಗಿರಲಿ, ತಗಡಿನದಾಗಿರಲಿ. ‘ಗಾಳಿಯಾಟ’ ಎಂಬ ಮಾತು ಗಾಳಿಯ ಒಳಬರುವಿಕೆ, ಹೊರಹೋಗುವಿಕೆ ಎರಡನ್ನೂ ಒಳಗೊಂಡಿದೆ.

ಹುಟ್ಟು ಮತ್ತು ಬೆಳವಣಿಗೆ

1941ರಿಂದ ತಯಾರಾದ ವಿಲ್ಲೀಸ್ ಎಂಬಿ ಜೀಪಿಗೆ ಕ್ಯಾಬಿನ್ ಎಂಬುದೇ ಇರಲಿಲ್ಲ. ಮುಂದಿನ ಗಾಜಿನ ಚೌಕಟ್ಟನ್ನು ಬಾನೆಟ್ ಮೇಲಕ್ಕೆ ಮಡಚಬಹುದಿತ್ತು. ಮಳೆಗೆ ಕ್ಯಾನ್ವಾಸ್ ಹೊದಿಕೆ. ಎಂಜಿನ್ನಿಗೆ ಎಣ್ಣೆಯ ಏರ್ ಕ್ಲೀನರ್ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗಿನಿಂದ ದಡಕ್ಕೆ ವಾಹನ ಇಳಿಸಬೇಕಾಗಿ ಬಂದಾಗ ಇನ್‌ಟೇಕ್ ಬಾಯಿಯನ್ನು ಕೊಳವೆಯ ಮೂಲಕ ನೀರಿನ ಮಟ್ಟಕ್ಕಿಂತ ಮೇಲೆ ಒಯ್ಯುವ ಏರ್ಪಾಡು ಬಂತು. 1950ರ ಎಂ-38 ಜೀಪಿನಲ್ಲಿ ನೀರು ಹೊಗದ 24 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನೂ ಆಳದ ನೀರು ದಾಟುವ ಜೋಡಣೆಯನ್ನೂ ವಿನ್ಯಾಸದಲ್ಲೇ ಸೇರಿಸಲಾಯಿತು. ನಾಗರಿಕ ಮಾದರಿಯಾದ ಸಿಜೆ-3ಎಯ ಮುಂಗಾಜಿನ ಚೌಕಟ್ಟಿನ ಕೆಳಭಾಗದಲ್ಲಿ ತೆರೆದು ಮುಚ್ಚುವ ಗಾಳಿಕಿಂಡಿ ಇತ್ತು. ಬ್ರಿಟನ್ನಿನ ಲ್ಯಾಂಡ್‌ರೋವರಿನಲ್ಲೂ ಮುಂಗಾಜಿನ ಕೆಳಗೆ ಇಂಥದೇ ಮುಚ್ಚಳಗಳು ಬಂದು ದಶಕಗಳ ಕಾಲ ಉಳಿದವು.

ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಹುಕಾಲ ಇಲ್ಲಿ ತಯಾರಾಯಿತು. ಮುಂದೆ ಅದೇ ಕುಲದ ವಾಹನಗಳಿಗೆ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನೂ ಬಳಿಕ 2523 ಸಿಸಿಯ ಮಹೀಂದ್ರ ಡಿಐ ಎಂಜಿನ್ನೂ ಬಂದವು. ಜಬಲಪುರದ ವಾಹನ ಕಾರ್ಖಾನೆ ನಿಸ್ಸಾನ್ ಪ್ಯಾಟ್ರೋಲ್ 60 ಮಾದರಿಯ ಜೋಂಗಾವನ್ನು 1969ರಿಂದ 1999ರವರೆಗೆ ಸೇನೆಗಾಗಿ ತಯಾರಿಸಿತು. ಮಾರುತಿ ಜಿಪ್ಸಿ 1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಬಂತು. 1996ರಲ್ಲಿ 1298 ಸಿಸಿಯ ‘ಕಿಂಗ್’ ಅದರ ಜಾಗ ಹಿಡಿಯಿತು. ಸೇನೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಜಿಪ್ಸಿಯ ದೊಡ್ಡ ಬಳಕೆದಾರರು.

ಬೆಂಗಳೂರಿನ ಪೂರ್ವಭಾಗಕ್ಕೆ ಈ ವಾಹನಗಳ ನಂಟು ದಂಡಿನ ಮೂಲಕ ಬಂದದ್ದು. ಆ ಭಾಗದ ದೊಮ್ಮಲೂರಿನ ನೆರೆಯಲ್ಲೇ ಆರ್ಮಿ ಸರ್ವೀಸ್ ಕೋರ್ ಕೇಂದ್ರವಿದೆ; ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರವೂ ಸೇನೆಯ 515ನೇ ಬೇಸ್ ವರ್ಕ್‌ಶಾಪೂ ಇವೆ. ಹಳೆಯ ಬಿಡಿಭಾಗಗಳಿಗೆ ಶಿವಾಜಿನಗರದ ಗುಜರಿ, ಹೊಸ ಭಾಗಗಳಿಗೆ ಜೆ.ಸಿ. ರಸ್ತೆ ಎಂಬುದು ಊರಿನ ಮೆಕ್ಯಾನಿಕ್‌ಗಳ ವಾಡಿಕೆ.

ಎಂಜಿನ್ನಿನ ಗಾಳಿದಾರಿ

ಗಾಳಿ ಮೊದಲು ಬಾಯಿಯನ್ನು, ಅಲ್ಲಿಂದ ಕೊಳವೆ, ಏರ್ ಕ್ಲೀನರ್, ರಬ್ಬರ್ ಹೋಸ್‌ಗಳನ್ನು ಹಾದು ಮ್ಯಾನಿಫೋಲ್ಡ್ ಸೇರುತ್ತದೆ. ಪೆಟ್ರೋಲ್ ವಾಹನದಲ್ಲಿ ನಡುವೆ ಕಾರ್ಬ್ಯುರೇಟರ್ ಅಥವಾ ಥ್ರಾಟಲ್ ಬಾಡಿ ಇರುತ್ತದೆ. ಹಳೆಯ ವಾಹನಗಳಲ್ಲಿ ಬಾಯಿ ಬಾನೆಟ್ಟಿನ ಒಳಗೇ ಇರುವುದುಂಟು. ಅಲ್ಲಿ ರೇಡಿಯೇಟರನ್ನೂ ಸೈಲೆನ್ಸರ್ ಮ್ಯಾನಿಫೋಲ್ಡನ್ನೂ ಸವರಿ ಬಂದ ಬಿಸಿಗಾಳಿಯೇ ಎಂಜಿನ್ನಿಗೆ ಸಿಗುತ್ತದೆ.

ಎಣ್ಣೆಯ ಏರ್ ಕ್ಲೀನರಿನಲ್ಲಿ ಗಾಳಿ ನಡುಕೊಳವೆಯಿಂದ ಇಳಿದು, ತಳದ ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇರುತ್ತದೆ. ತಿರುಗಲಾರದ ಭಾರದ ಕಣಗಳು ಎಣ್ಣೆಗೆ ಬೀಳುತ್ತವೆ. ಉಳಿದವನ್ನು ಎಣ್ಣೆ ತೊಯ್ದ ತಂತಿಜಾಲ ಹಿಡಿಯುತ್ತದೆ. ಕಾಗದದ ಫಿಲ್ಟರಿನಂತೆ ಇದನ್ನು ಪದೇ ಪದೇ ಕೊಳ್ಳಬೇಕಿಲ್ಲ. ತೊಳೆದು ಎಣ್ಣೆ ಬದಲಿಸಿದರೆ ಸಾಕು. ಆದರೆ ಎಂಜಿನ್ ನಿಧಾನ ತಿರುಗುವಾಗ ಗಾಳಿಯ ವೇಗ ಸಾಲದೆ ಇದರ ಹಿಡಿತ ಕುಗ್ಗುತ್ತದೆ. ಕಡಿದಾದ ಏರಿನಲ್ಲಿ ಅಥವಾ ಒಂದು ಮಗ್ಗುಲಿಗೆ ವಾಲಿದಾಗ ಎಣ್ಣೆ ಎಂಜಿನ್ನಿಗೆ ಸೆಳೆಯಲ್ಪಡಬಹುದು. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸುತ್ತ, ಕೀಲಿ ತೆಗೆದರೂ ನಿಲ್ಲದೆ ಓಡಬಲ್ಲದು. ಗುರುತಿನ ಗೆರೆಗಿಂತ ಹೆಚ್ಚು ಎಣ್ಣೆ ತುಂಬಿಸುವುದು ಈ ಕಾರಣಕ್ಕೆ ಅಪಾಯ. ಕಾಗದದ ಫಿಲ್ಟರ್ ಯಾವ ವೇಗದಲ್ಲೂ ಶೇ 99ಕ್ಕೂ ಹೆಚ್ಚು ದೂಳು ತಡೆಯುತ್ತದೆ, ಆದರೆ ಒದ್ದೆಯಾದರೆ ಕೆಡುತ್ತದೆ.

ಗಾಳಿಯ ಲೆಕ್ಕ

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 2523 ಸಿಸಿಯ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ತುಂಬುವಿಕೆ ಶೇ 85 ಎಂದು ಹಿಡಿದರೆ, ನಿಮಿಷಕ್ಕೆ ಸುಮಾರು 3200 ಲೀಟರ್ ಗಾಳಿ ಬೇಕು. 1298 ಸಿಸಿಯ ಜಿಪ್ಸಿಗೆ 4000 ಸುತ್ತಿನಲ್ಲಿ ಸುಮಾರು 2200 ಲೀಟರ್. ಮೊದಲನೆಯದಕ್ಕೆ 63 ಮಿ.ಮೀ. ಒಳವ್ಯಾಸದ ಕೊಳವೆ ಹಾಕಿದರೆ ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ಆಗುತ್ತದೆ, 75 ಮಿ.ಮೀ. ಕೊಳವೆಯಲ್ಲಿ 12 ಮೀಟರ್. ತಿರುವು ಹೆಚ್ಚಿದಂತೆ, ವೇಗ ಹೆಚ್ಚಿದಂತೆ ತಡೆಯೂ ಹೆಚ್ಚುವುದರಿಂದ ದೊಡ್ಡ ಕೊಳವೆ, ಕಡಿಮೆ ತಿರುವು ಎಂಬುದು ಈ ಕೆಲಸದ ಮೊದಲ ನಿಯಮ.

ಮುಂದಕ್ಕೆ ಬಾಯಿ ತೆರೆದ ಕೊಳವೆ ಓಟದ ಗಾಳಿಯನ್ನು ತುಂಬಿಕೊಂಡು ಬಲ ಹೆಚ್ಚಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಗಂಟೆಗೆ 60 ಕಿ.ಮೀ. ಓಟದಲ್ಲಿ ಎದುರುಗಾಳಿಯ ಒತ್ತಡ ಸುಮಾರು 150 ಪಾಸ್ಕಲ್. ಬೆಂಗಳೂರಿನ ವಾತಾವರಣದ ಒತ್ತಡ ಸುಮಾರು 91,000 ಪಾಸ್ಕಲ್. ಶೇ 0.2ನ್ನೂ ಮುಟ್ಟದ ಈ ಲಾಭವನ್ನು ದೂಳು ಕಟ್ಟಿದ ಫಿಲ್ಟರ್ ಒಂದೇ ಅಳಿಸಿಹಾಕುತ್ತದೆ, ಏಕೆಂದರೆ ಅಂಥ ಫಿಲ್ಟರಿನ ತಡೆ 5000 ಪಾಸ್ಕಲ್ ದಾಟಬಹುದು. ನಿಜವಾದ ಲಾಭ ಇರುವುದು ತಂಪಿನಲ್ಲಿ. 60 ಡಿಗ್ರಿ ಸೆಲ್ಸಿಯಸ್ಸಿನ ಬಾನೆಟ್ ಗಾಳಿಯ ಬದಲು 30 ಡಿಗ್ರಿಯ ಹೊರಗಾಳಿ ಕೊಟ್ಟರೆ ಅದೇ ಗಾತ್ರದಲ್ಲಿ ಸುಮಾರು ಶೇ 10ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಶೇ 1ರಷ್ಟು ಬಲ ಕಳೆದುಕೊಳ್ಳುತ್ತದೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಕಳೆದುಹೋದ ಶೇ 9ನ್ನು ಬಾಯಿಯ ಜಾಗ ಬದಲಿಸಿಯೇ ಬಹುಪಾಲು ಮರಳಿ ಪಡೆಯಬಹುದು.

ಇನ್‌ಟೇಕ್ ಮಾರ್ಪಾಡಿನ ಬಗೆಗಳು

ಬಾಯಿಯ ಸ್ಥಳಾಂತರ: ಇನ್‌ಟೇಕ್ ಬಾಯಿಯನ್ನು ಬಾನೆಟ್ಟಿನ ಒಳಗಿನಿಂದ ಗ್ರಿಲ್ಲಿನ ಹಿಂದಕ್ಕೆ ಅಥವಾ ಮುಂಗಾಜಿನ ಬುಡದ ಕೌಲ್ ಪೆಟ್ಟಿಗೆಗೆ ಒಯ್ಯುವುದು ಅಗ್ಗದ, ಹೊರಗೆ ಕಾಣದ ಬದಲಾವಣೆ. ಗ್ರಿಲ್ಲಿನ ಹಿಂದೆ ಗಾಳಿ ತಂಪು, ಆದರೆ ನೀರಿಗಿಳಿದಾಗ ಮೊದಲು ಮುಳುಗುವ ಜಾಗವೂ ಅದೇ. ಕೌಲ್ ಎತ್ತರದಲ್ಲಿದೆ, ದೂಳೂ ಕಡಿಮೆ. ಅಲ್ಲಿ ನೀರು ಬಸಿದುಹೋಗುವ ರಂಧ್ರಗಳು ಕಸ ಕಟ್ಟದಂತೆ ನೋಡಿಕೊಳ್ಳಬೇಕು.

ಸ್ನಾರ್ಕೆಲ್: ಮಡ್‌ಗಾರ್ಡಿನ ಮಗ್ಗುಲಿನಿಂದ ಹೊರಟು ಮುಂಗಾಜಿನ ಕಂಬಕ್ಕೆ ಅಂಟಿಕೊಂಡು ಮಾಡಿನ ಎತ್ತರಕ್ಕೆ ಏರುವ ಕೊಳವೆ ಇದು. ನೀರು ದಾಟಲೆಂದೇ ಹೆಸರಾದರೂ ದಿನನಿತ್ಯದ ಉಪಯೋಗ ದೂಳಿನದು: ಮುಂದಿನ ವಾಹನ ಎಬ್ಬಿಸಿದ ದೂಳು ಚಕ್ರದ ಮಟ್ಟದಲ್ಲಿ ದಟ್ಟ, ಮಾಡಿನ ಮಟ್ಟದಲ್ಲಿ ತೆಳು. ಮಾರುಕಟ್ಟೆಯ ಸ್ನಾರ್ಕೆಲ್‌ಗಳನ್ನು ಬಿಸಿಲಿಗೆ ತಾಳುವ ಪಾಲಿಥೀನಿನಿಂದ ಅಚ್ಚು ಹಾಕಿರುತ್ತಾರೆ. ಗ್ಯಾರೇಜುಗಳಲ್ಲಿ ಕಬ್ಬಿಣದ ಅಥವಾ ಸ್ಟೀಲಿನ ಕೊಳವೆ ಬಾಗಿಸಿ ಮಾಡುವುದೂ ಇದೆ. ನೀರಾವರಿಯ ಪಿವಿಸಿ ಕೊಳವೆ ಹೊರಭಾಗಕ್ಕೆ ನಡೆದೀತು. ಬಾನೆಟ್ಟಿನ ಒಳಗಿನ ಶಾಖಕ್ಕೆ ಅದು ಮೆತ್ತಗಾಗಿ ಕೀಲುಗಳಲ್ಲಿ ಬಾಯಿ ಬಿಡುತ್ತದೆ. ಬಾಗುವ ಹೋಸ್‌ಗೆ ಒಳಗೆ ತಂತಿಸುರುಳಿ ಇರಬೇಕು, ಇಲ್ಲವಾದರೆ ಎಂಜಿನ್ನಿನ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಚಾಲಕನ ಬದಿಯ ಕಂಬಕ್ಕೆ ಕಟ್ಟಿದರೆ ತಿರುವಿನಲ್ಲಿ ಪಾದಚಾರಿಗಳು ಮರೆಯಾಗುವ ಸಂಭವವಿದೆ. ಎಂಜಿನ್ನಿನ ಜೋಡಣೆ ಒಪ್ಪುವಲ್ಲಿ ಎಡಬದಿಯೇ ಮೇಲು.

ಮುಂಶೋಧಕ: ಟ್ರ್ಯಾಕ್ಟರುಗಳ ಬಾನೆಟ್ ಮೇಲೆ ಕಾಣುವ ಅಣಬೆಯಾಕಾರದ ಬಟ್ಟಲು. ಒಳಬರುವ ಗಾಳಿಯನ್ನು ಓರೆಯಾದ ಎಲೆಗಳು ಸುತ್ತಿಸುತ್ತವೆ, ದಪ್ಪ ಕಣಗಳು ಅಂಚಿಗೆ ಎಸೆಯಲ್ಪಟ್ಟು ಬಟ್ಟಲಿನಲ್ಲಿ ನಿಲ್ಲುತ್ತವೆ. ಕೆಮ್ಮಣ್ಣಿನ ದಾರಿಯಲ್ಲಿ ಇದು ಫಿಲ್ಟರಿನ ಆಯುಷ್ಯವನ್ನು ಬಹಳ ಹೆಚ್ಚಿಸುತ್ತದೆ. ಸ್ನಾರ್ಕೆಲ್ ತುದಿಗೂ ಇದನ್ನು ಕೂಡಿಸಬಹುದು.

ಫಿಲ್ಟರಿನ ಬದಲಾವಣೆ: ಎಣ್ಣೆಯ ಡಬ್ಬಿ ತೆಗೆದು ಕಾಗದದ ಫಿಲ್ಟರಿನ ಡಬ್ಬಿ ಕೂರಿಸುವುದು ಹಳೆಯ ಡೀಸೆಲ್ ಜೀಪುಗಳಲ್ಲಿ ನಡೆಯುವ ಪ್ರಯೋಜನಕರ ಕೆಲಸ. ಇದಕ್ಕೆ ತದ್ವಿರುದ್ಧವಾಗಿ, ಡಬ್ಬಿಯೇ ಇಲ್ಲದ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಬಾನೆಟ್ಟಿನೊಳಗೆ ಸಿಕ್ಕಿಸುವುದರಿಂದ ಶಬ್ದ ಹೆಚ್ಚುತ್ತದೆ, ಬಿಸಿಗಾಳಿ ಒಳಸೇರುತ್ತದೆ, ನೀರಿನ ಸಿಂಚನಕ್ಕೆ ಯಾವ ತಡೆಯೂ ಇರುವುದಿಲ್ಲ. ಕಾರ್ಬ್ಯುರೇಟರಿನ ಜಿಪ್ಸಿಯಲ್ಲಿ ಗಾಳಿಯ ತಡೆ ಬದಲಾದರೆ ಇಂಧನ ಮಿಶ್ರಣವನ್ನೂ ಮತ್ತೆ ಸರಿಪಡಿಸಬೇಕಾಗುತ್ತದೆ.

ಸೋರಿಕೆ ಮತ್ತು ಪರೀಕ್ಷೆ

ಈ ಮಾರ್ಪಾಡುಗಳು ಸೋಲುವುದು ಹೆಚ್ಚಾಗಿ ಕೀಲುಗಳಲ್ಲಿ. ಫಿಲ್ಟರ್ ಮತ್ತು ಎಂಜಿನ್ನಿನ ನಡುವೆ ಇರುವ ಸಣ್ಣ ಬಿರುಕು ಶೋಧಿಸದ ದೂಳನ್ನು ನೇರ ಸಿಲಿಂಡರಿಗೆ ಒಯ್ಯುತ್ತದೆ. ದೂಳಿನಲ್ಲಿರುವ ಸಿಲಿಕಾ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸಿ, ಎಂಜಿನ್ ಎಣ್ಣೆ ಕುಡಿಯಲು ಮೊದಲಾಗುತ್ತದೆ. ಫಿಲ್ಟರಿನ ಆಚೆಯ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ಸರಳ ತಪಾಸಣೆ; ಬಟ್ಟೆಗೆ ಮಣ್ಣು ಅಂಟಿದರೆ ಎಲ್ಲೋ ಸೋರಿಕೆಯಿದೆ. ಸ್ನಾರ್ಕೆಲ್ಲಿಗೆ ಇನ್ನೊಂದು ಪರೀಕ್ಷೆ: ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಮೇಲಿನ ಬಾಯಿಯನ್ನು ಹಲಗೆಯಿಂದ ಪೂರ್ತಿ ಮುಚ್ಚಿದರೆ ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಬೇರೆಡೆಯಿಂದ ಗಾಳಿ ನುಗ್ಗುತ್ತಿದೆ ಎಂದರ್ಥ, ಅಲ್ಲಿಂದಲೇ ನೀರೂ ನುಗ್ಗುತ್ತದೆ. ಕಾರ್ಖಾನೆಯ ಏರ್ ಕ್ಲೀನರ್ ಡಬ್ಬಿಯ ತಳದಲ್ಲಿ ಮಳೆನೀರು ಬಸಿಯಲು ಕಿಂಡಿ ಇರುವುದುಂಟು. ಅದನ್ನು ಮುಚ್ಚದೆ ಅಥವಾ ಒಮ್ಮುಖ ಕವಾಟ ಹಾಕದೆ ಬಿಟ್ಟರೆ ಸ್ನಾರ್ಕೆಲ್ ಅಲಂಕಾರವಾಗಿಯೇ ಉಳಿಯುತ್ತದೆ. ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಹೆಚ್ಚಿನ ಒತ್ತಡದ ಗಾಳಿಯಿಂದ ಹೊಡೆದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ನೀರು ದಾಟುವಿಕೆ

ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. 2523 ಸಿಸಿ ಎಂಜಿನ್ನಿನ ಒಂದೊಂದು ಸಿಲಿಂಡರ್ 631 ಸಿಸಿ. ಸಂಪೀಡನ ಅನುಪಾತ 18 ಎಂದುಕೊಂಡರೆ ಪಿಸ್ಟನ್ ತುತ್ತತುದಿಗೆ ಬಂದಾಗ ಉಳಿಯುವ ಜಾಗ 37 ಮಿಲಿಲೀಟರ್ ಮಾತ್ರ. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಪಿಸ್ಟನ್ ಅಡ್ಡಗಟ್ಟಿದಂತಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜಿಪ್ಸಿಯಲ್ಲೂ ಈ ಜಾಗ ಸುಮಾರು 40 ಮಿಲಿಲೀಟರ್. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ದಡಕ್ಕೆ ಎಳೆದು, ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಸ್ನಾರ್ಕೆಲ್ ಒಂದರಿಂದಲೇ ವಾಹನ ಆಳದ ನೀರಿಗೆ ಸಿದ್ಧವಾಗುವುದಿಲ್ಲ. ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಉಸಿರುಕಿಂಡಿಗಳನ್ನು ಸಣ್ಣ ಹೋಸ್ ಮೂಲಕ ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ಯಬೇಕು; ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಾಳಿ ಕುಗ್ಗಿ ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಡಿಸ್ಟ್ರಿಬ್ಯೂಟರ್, ಕಾಯಿಲ್‌ಗಳನ್ನೂ ಕಾಪಾಡಬೇಕು. ಫ್ಯಾನಿನ ಎಲೆಗಳು ನೀರಿಗೆ ತಾಗಿ ಮುಂದಕ್ಕೆ ಬಾಗಿ ರೇಡಿಯೇಟರನ್ನು ಕೆರೆಯದಂತೆ ಬೆಲ್ಟ್ ಸಡಿಲಿಸುವ ರೂಢಿಯಿದೆ.

ಕ್ಯಾಬಿನ್ ಗಾಳಿಯಾಟದ ರಚನೆ

ಓಡುವ ವಾಹನದ ಸುತ್ತ ಗಾಳಿಯ ಒತ್ತಡ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಗ್ರಿಲ್ ಮತ್ತು ಮುಂಗಾಜಿನ ಬುಡದಲ್ಲಿ ಹೆಚ್ಚು, ಮಗ್ಗುಲುಗಳಲ್ಲಿ ಕಡಿಮೆ, ಜೀಪಿನಂಥ ನೆಟ್ಟಗಿನ ಹಿಂಬದಿಯ ಬೆನ್ನಿಗೆ ಕಡಿಮೆ ಒತ್ತಡದ ಸುಳಿ ಏಳುತ್ತದೆ. ಹಿಂದಿನ ಕ್ಯಾನ್ವಾಸ್ ಪರದೆಯನ್ನು ಸುತ್ತಿ ಕಟ್ಟಿ, ಮುಂದಿನ ಕಿಂಡಿಗಳನ್ನೆಲ್ಲ ಮುಚ್ಚಿ ಓಡಿಸಿದರೆ ಆ ಸುಳಿಯಲ್ಲಿರುವ ದೂಳೂ ಸೈಲೆನ್ಸರಿನ ಹೊಗೆಯೂ ಒಳಕ್ಕೆ ಹಿಂತಿರುಗುತ್ತವೆ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳಿಗೆ ತಲೆನೋವು, ಮಂಪರು ಬರುವುದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬಾರದು. ಹಳೆಯ ಜೀಪಿನ ಗಾಳಿಯಾಟದಲ್ಲಿ ಎಲ್ಲಕ್ಕಿಂತ ಗಂಭೀರವಾದ ವಿಷಯ ಇದು. ಪರಿಹಾರ ಸುಲಭ: ಮುಂದಿನಿಂದ ಶುದ್ಧಗಾಳಿ ತಂದು ಕ್ಯಾಬಿನ್ನಿನ ಒಳ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಗೆ ಇರಿಸುವುದು, ಸೈಲೆನ್ಸರ್ ಕೊಳವೆ ದೇಹದ ಅಂಚನ್ನು ದಾಟುವಂತೆ ಉದ್ದ ಮಾಡುವುದು.

ಕಟ್ಟಡಗಳ ಲೆಕ್ಕದಲ್ಲಿ ಬಳಸುವ, ಒಬ್ಬರಿಗೆ ಸೆಕೆಂಡಿಗೆ 8 ಲೀಟರ್ ಎಂಬ ಪ್ರಮಾಣ ಹಿಡಿದರೆ ಐವರಿಗೆ ನಿಮಿಷಕ್ಕೆ 2400 ಲೀಟರ್ ಗಾಳಿ ಬೇಕು. ಜಿಪ್ಸಿಯ ಎಂಜಿನ್ 4000 ಸುತ್ತಿನಲ್ಲಿ ಎಳೆಯುವುದಕ್ಕಿಂತ ಇದು ಹೆಚ್ಚು. ಗಂಟೆಗೆ 20 ಕಿ.ಮೀ. ಓಟದಲ್ಲಿ ಇಷ್ಟು ಗಾಳಿ ಬರಲು ಸುಮಾರು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಿಂಡಿ ಸಾಕು. ಆದರೆ ಹೊರಹೋಗಲು ಅಷ್ಟೇ ಜಾಗವಿಲ್ಲದಿದ್ದರೆ ಒಳಬರುವ ಕಿಂಡಿ ಎಷ್ಟು ದೊಡ್ಡದಿದ್ದರೂ ನಿಷ್ಪ್ರಯೋಜಕ. ತಗಡಿನ ಹಾರ್ಡ್‌ಟಾಪ್ ಕೂರಿಸಿದ ಜಿಪ್ಸಿಗಳಲ್ಲಿ ‘ಬ್ಲೋವರ್ (ಗಾಳಿ ಊದುವ ಫ್ಯಾನು) ಇದ್ದರೂ ಗಾಳಿ ಬಾರದು’ ಎಂಬ ದೂರಿಗೆ ಇದೇ ಕಾರಣ. ಹಿಂಬದಿಯ ಮಗ್ಗುಲಲ್ಲಿ, ಹೊಗೆಕೊಳವೆಯಿಂದ ದೂರದಲ್ಲಿ, ಒಳಗಿನಿಂದ ಹೊರಕ್ಕಷ್ಟೇ ತೆರೆಯುವ ರಬ್ಬರ್ ಪಟ್ಟಿಯ ಕಿಂಡಿ ಇಟ್ಟರೆ ದೂರು ತೀರುತ್ತದೆ.

ಕ್ಯಾಬಿನ್ ಮಾರ್ಪಾಡಿನ ಬಗೆಗಳು

ಶಾಖ ತಡೆಯುವುದು ಮೊದಲ ಹೆಜ್ಜೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡುಗೋಡೆಯಲ್ಲಿ ತಂತಿಗಳು, ಪೆಡಲುಗಳು, ಸ್ಟೀರಿಂಗ್ ಕಂಬ ಹಾದುಹೋಗುವ ತೂತುಗಳ ರಬ್ಬರ್ ಬಳೆಗಳು ಹಳೆಯ ವಾಹನದಲ್ಲಿ ಒಡೆದುಹೋಗಿರುತ್ತವೆ. ಗೇರ್ ಲಿವರುಗಳ ಬುಡದ ರಬ್ಬರ್ ಚೀಲಗಳೂ ಹರಿದಿರುತ್ತವೆ. ಕಾಲಿಗೆ ಬಡಿಯುವ ಬಿಸಿಗಾಳಿ, ಡೀಸೆಲ್ ವಾಸನೆಗಳ ದಾರಿ ಇವೇ. ಇವನ್ನು ಬದಲಿಸಿ, ನೆಲಕ್ಕೂ ಗೋಡೆಗೂ ಶಾಖ ತಡೆಯುವ ಹಾಸು ಹಾಕಿದರೆ ದೊಡ್ಡ ಬ್ಲೋವರಿಗಿಂತ ಹೆಚ್ಚು ನೆಮ್ಮದಿ ಸಿಗುತ್ತದೆ.

ಎರಡನೆಯದು ಕೌಲ್ ಕಿಂಡಿ. ಮುಂಗಾಜಿನ ಬುಡದಲ್ಲಿ ಮುಚ್ಚಳ, ಸೊಳ್ಳೆಪರದೆಯ ಜಾಲರಿ, ಮಳೆನೀರು ಬಸಿಯುವ ತಟ್ಟೆ ಇರುವ ಪೆಟ್ಟಿಗೆಯನ್ನು ಟಿಂಕರಿಂಗ್ ಮಾಡುವವರು ಕೂರಿಸುತ್ತಾರೆ. ತಗಡು ಕತ್ತರಿಸಿದ ಅಂಚಿಗೆ ಕೂಡಲೇ ಪ್ರೈಮರ್ ಬಳಿಯದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಎಂಜಿನ್ನಿನ ಇನ್‌ಟೇಕ್ ಬಾಯಿಯೂ ಕೌಲ್‌ನಲ್ಲೇ ಇದ್ದರೆ ಎರಡರ ನಡುವೆ ಅಡ್ಡಗೋಡೆ ಬೇಕು, ಇಲ್ಲವಾದರೆ ಎಂಜಿನ್ ಕ್ಯಾಬಿನ್ನಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಮೂರನೆಯದು ಬ್ಲೋವರ್. ಸಿಗ್ನಲ್ಲಿನಲ್ಲಿ ನಿಂತಾಗ ಎದುರುಗಾಳಿ ಇರುವುದಿಲ್ಲ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆ, ಒಳ ವರ್ತುಲ ರಸ್ತೆಗಳ ದಟ್ಟಣೆಯಲ್ಲಿ ಬ್ಲೋವರ್ ಇಲ್ಲದೆ ಕೌಲ್ ಕಿಂಡಿ ಕೆಲಸ ಮಾಡದು. 12 ವೋಲ್ಟಿನ ಬ್ಲೋವರಿಗೆ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಇಡಬೇಕು, ಹಳೆಯ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ನೇರ ವಿದ್ಯುತ್ ಹರಿಸಿದರೆ ತಂತಿ ಕಾಯುತ್ತದೆ. ಮಾಡಿನ ಮೇಲಿನ ಗಾಳಿಗೂಡು ರ‍್ಯಾಲಿ ವಾಹನಗಳಿಂದ ಬಂದದ್ದು. ದೂಳಿನ ಮೋಡಕ್ಕಿಂತ ಮೇಲಿನ ಗಾಳಿಯನ್ನು ಅದು ತಲೆಯ ಮೇಲೆ ಇಳಿಸುತ್ತದೆ. ಎಸಿ ಕೂರಿಸುವುದು ಸಾಧ್ಯವಾದರೂ ಸಣ್ಣ ಎಂಜಿನ್ನುಗಳಿಗೆ ಹೊರೆ. ರೇಡಿಯೇಟರಿನ ಮುಂದೆ ಇಡುವ ಕಂಡೆನ್ಸರ್ ಎಂಜಿನ್ನಿನ ತಂಪನ್ನೂ ತಗ್ಗಿಸುತ್ತದೆ.

ಬಳಕೆ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಏರುವ ಬಾಡಿಗೆ ಜೀಪುಗಳು, ಕೊಡಗಿನ ಮಾಂದಲಪಟ್ಟಿಯ ಜೀಪುಗಳು ಮತ್ತು ಸಕಲೇಶಪುರದ ತೋಟದ ವಾಹನಗಳು ಬೇಸಿಗೆಯಲ್ಲಿ ಕೆಮ್ಮಣ್ಣಿನ ದೂಳಿನಲ್ಲೂ ಮಳೆಗಾಲದಲ್ಲಿ ಹರಿಯುವ ಹಳ್ಳದಲ್ಲೂ ಓಡುತ್ತವೆ. ಇವಕ್ಕೆ ಮುಂಶೋಧಕ ಮತ್ತು ಆಕ್ಸಲಿನ ಉಸಿರುಕೊಳವೆಗಳು ಸ್ನಾರ್ಕೆಲ್ಲಿಗಿಂತ ಹೆಚ್ಚು ಅಗತ್ಯ. ನಾಗರಹೊಳೆ, ಬಂಡೀಪುರಗಳ ತೆರೆದ ಸಫಾರಿ ವಾಹನಗಳಿಗೆ ಕ್ಯಾಬಿನ್ ಪ್ರಶ್ನೆಯೇ ಇಲ್ಲ. ಅಲ್ಲಿ ಏರ್ ಕ್ಲೀನರಿನ ಆರೈಕೆ ಮುಖ್ಯ. ಬೆಂಗಳೂರಿನಲ್ಲಿ ಅಗತ್ಯ ಬೇರೆ. ದೊಮ್ಮಲೂರಿನ ಮಳೆನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕಾಲುವೆಗಳ ಮೂಲಕ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿ, ನಿವಾಸಿಗಳನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಗರದಲ್ಲಿ ನಿಂತ ನೆರೆನೀರಿನಲ್ಲಿ ಎದುರಿನ ಬಸ್ಸು ಎಬ್ಬಿಸುವ ಅಲೆ ನೀರಿನ ಮಟ್ಟಕ್ಕಿಂತ ಬಹಳ ಮೇಲೇರುತ್ತದೆ. ಇನ್‌ಟೇಕ್ ಬಾಯಿಯ ಎತ್ತರವನ್ನು ಆ ಅಲೆಗೆ ತಕ್ಕಂತೆ ಎಣಿಸಬೇಕು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಎಂಜಿನ್, ದೇಹದ ಬಗೆ, ಆಸನಗಳ ಸಂಖ್ಯೆ ಬದಲಾದರೆ ಕಲಮು ನೇರ ತಾಗುತ್ತದೆ. ರಬ್ಬರ್ ಬಳೆ, ಶಾಖದ ಹಾಸು, ಮೂಲ ಗಾತ್ರದ ಫಿಲ್ಟರುಗಳು ದುರಸ್ತಿಯ ಲೆಕ್ಕಕ್ಕೆ ಸೇರುತ್ತವೆ. ಸ್ನಾರ್ಕೆಲ್, ಕತ್ತರಿಸಿದ ಮಾಡು, ಕ್ಯಾನ್ವಾಸಿನಿಂದ ಹಾರ್ಡ್‌ಟಾಪಿಗೆ ಬದಲಾವಣೆಗಳನ್ನು ಮಾಡಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಪೂರ್ವ ಬೆಂಗಳೂರಿನ ವಾಹನಗಳು ಕೆಎ-03 ಸರಣಿಯಲ್ಲಿ ನೋಂದಣಿಯಾಗುತ್ತವೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ವಾಹನದ ತಪಾಸಣೆ. ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು.

ಈಗಿನ ಸ್ಥಿತಿ

ಹಿಂದೆ ಗ್ಯಾರೇಜಿನಲ್ಲಿ ಮಾಡಿಸುತ್ತಿದ್ದ ಕೆಲವು ಕೆಲಸಗಳು ಈಗ ಕಾರ್ಖಾನೆಯಿಂದಲೇ ಬರುತ್ತಿವೆ. 2021ರ ಫೋರ್ಸ್ ಗೂರ್ಖಾ ಸ್ನಾರ್ಕೆಲ್ ಸಮೇತ ಮಾರಾಟಕ್ಕೆ ಬಂತು. ಅದರ ತಯಾರಕರು ಹೇಳುವ ನೀರುದಾಟುವ ಆಳ 700 ಮಿ.ಮೀ. 2020ರ ಮಹೀಂದ್ರ ಥಾರ್‌ಗೆ ಇದು 650 ಮಿ.ಮೀ. ಜಿಪ್ಸಿಯ ತಯಾರಿಕೆ ನಿಂತಿದೆ. 2023ರ ಜೂನ್‌ನಲ್ಲಿ ಬಂದ ಜಿಮ್ನಿ ಅದೇ ಸುಜುಕಿ ಕುಲದ್ದು. ಹೊಸ ವಾಹನಗಳ ಎಂಜಿನ್ ಕಂಪ್ಯೂಟರ್ ಗಾಳಿಯ ಅಳತೆಯನ್ನು ಅವಲಂಬಿಸುವುದರಿಂದ ಇನ್‌ಟೇಕ್‌ನಲ್ಲಿ ಕೈಯಾಡಿಸಿದರೆ ಎಚ್ಚರಿಕೆಯ ದೀಪ ಹೊತ್ತಬಹುದು. ಕೈಯಿಂದ ಅಳೆದು, ಬೆಸೆದು ಮಾಡುವ ಮಾರ್ಪಾಡು ಹೀಗೆ ಹಳೆಯ ಯಾಂತ್ರಿಕ ಎಂಜಿನ್ನುಗಳಿಗಷ್ಟೇ ಸೀಮಿತವಾಗುತ್ತಿದೆ.

15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು 2023ರ ಏಪ್ರಿಲ್ 1ರಿಂದ ಗುಜರಿಗೆ ಹಾಕಬೇಕೆಂಬ ಕೇಂದ್ರದ ನಿಯಮದಿಂದ ಇಲಾಖೆಗಳ ಹಳೆಯ ಜೀಪುಗಳು ಓಡುವ ಸ್ಥಿತಿಯಲ್ಲಿ ಹರಾಜಿಗೆ ಬರುವುದು ಕಡಿಮೆಯಾಗುತ್ತಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಎಂಜಿನ್ನಿನ ಲೋಹದ ಭಾಗಗಳು ಗುಜರಿಯಲ್ಲಿ ಇನ್ನೂ ಸಿಗುತ್ತವೆ. ಏರ್ ಕ್ಲೀನರ್ ಹೋಸ್, ಗೇರ್ ಲಿವರಿನ ಚೀಲ, ಕೌಲ್ ಮುಚ್ಚಳದ ಅಂಚುಪಟ್ಟಿಯಂಥ ರಬ್ಬರ್ ಭಾಗಗಳು ಬಳಸದೆ ಇಟ್ಟರೂ ಕಾಲಕ್ರಮದಲ್ಲಿ ಬಿರಿಯುವುದರಿಂದ ಹಳೆಯ ದಾಸ್ತಾನು ಉಪಯೋಗಕ್ಕೆ ಬಾರದು. ಅಳತೆ ಕೊಟ್ಟು ಹೊಸದಾಗಿ ಅಚ್ಚು ಹಾಕಿಸಬೇಕಾಗುತ್ತದೆ.